ಬಿಚ್ಚಿ ಕಟ್ಟಿದ ಅರಮನೆ: ತೋಟಗಾರ ಪ್ಯಾಕ್ಸ್‌ಟನ್‌ನ ಕಥೆ

2024ರ ಜೂನ್ 9ರ ರಾತ್ರಿ ಹಾಸ್ಟೆಲ್‌ನಲ್ಲಿ ಯಾರೂ ಬೇಗ ಮಲಗಿರಲಿಕ್ಕಿಲ್ಲ. ಟಿ20 ವಿಶ್ವಕಪ್, ಭಾರತ-ಪಾಕಿಸ್ತಾನ ಮ್ಯಾಚ್. ಬರೀ 119 ರನ್ ಮಾಡಿಯೂ ನಾವು 6 ರನ್ನಿಂದ ಗೆದ್ವಿ. ಬುಮ್ರಾ ಬೌಲಿಂಗ್ ಎಲ್ಲರಿಗೂ ನೆನಪಿದೆ, ಪಿಚ್‌ಗೆ ಬೈದಿದ್ದೂ ನೆನಪಿದೆ. ಆದ್ರೆ ಆ ಮ್ಯಾಚ್ ನಡೆದ ಸ್ಟೇಡಿಯಂ ಈಗ ಎಲ್ಲಿದೆ?

ಎಲ್ಲೂ ಇಲ್ಲ. ನ್ಯೂಯಾರ್ಕ್ ಹತ್ತಿರದ ನಸೌ ಕೌಂಟಿಯ ಒಂದು ಪಾರ್ಕಿನಲ್ಲಿ ಸುಮಾರು 3 ತಿಂಗಳಲ್ಲಿ 34,000 ಜನ ಕೂರುವ ಸ್ಟೇಡಿಯಂ ಎದ್ದು ನಿಂತಿತ್ತು. ಅದರ ಗ್ಯಾಲರಿಯ ಭಾಗಗಳು ಅದಕ್ಕೂ ಮುಂಚೆ ಲಾಸ್ ವೇಗಸ್‌ನ ಫಾರ್ಮುಲಾ 1 ರೇಸಿಗೆ ಬಳಕೆಯಾಗಿದ್ದವು. ಪಿಚ್‌ಗಳನ್ನು ಫ್ಲಾರಿಡಾದಲ್ಲಿ ಬೆಳೆಸಿ ಲಾರಿ ಮೇಲೆ ತಂದು ಕೂರಿಸಿದ್ದರು. 8 ಪಂದ್ಯ ಮುಗಿದವು, ಬೋಲ್ಟ್ ಬಿಚ್ಚಿದರು, ಎಲ್ಲವನ್ನೂ ಲಾರಿಗೆ ತುಂಬಿದರು, ಪಾರ್ಕು ಮತ್ತೆ ಪಾರ್ಕಾಯ್ತು.

ಇದೇನೋ ಹೊಸ ಟೆಕ್ನಾಲಜಿ ಅಂತ ನಮಗನ್ನಿಸುತ್ತೆ. ಆದರೆ ಒಂದೇ ಅಳತೆಯ ಭಾಗಗಳನ್ನು ಫ್ಯಾಕ್ಟರಿಯಲ್ಲಿ ಮಾಡಿ, ಸೈಟಿಗೆ ತಂದು ಜೋಡಿಸಿ, ಲಕ್ಷಾಂತರ ಜನರನ್ನು ಒಳಗೆ ಕರೆದು, ಆಮೇಲೆ ಬಿಚ್ಚಿ ಬೇರೆ ಕಡೆ ಕಟ್ಟಬಹುದು ಅಂತ ಇಡೀ ಪ್ರಪಂಚಕ್ಕೆ ತೋರಿಸಿಕೊಟ್ಟವನು 1851ರಲ್ಲೇ ಇದ್ದ. ಅವನು ಇಂಜಿನಿಯರ್ ಅಲ್ಲ, ಆರ್ಕಿಟೆಕ್ಟ್ ಅಲ್ಲ. ತೋಟದ ಮಾಲಿ. ಹೆಸರು ಜೋಸೆಫ್ ಪ್ಯಾಕ್ಸ್‌ಟನ್.

ಸುಳ್ಳು ವಯಸ್ಸು, ನಿಜವಾದ ಕೆಲಸ

ಪ್ಯಾಕ್ಸ್‌ಟನ್ ಹುಟ್ಟಿದ್ದು 1803ರ ಆಗಸ್ಟ್ 3ರಂದು, ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಮಿಲ್ಟನ್ ಬ್ರಯಾನ್ ಅನ್ನೋ ಹಳ್ಳಿಯಲ್ಲಿ. ರೈತನ ಮನೆ, ಮನೆ ತುಂಬ ಮಕ್ಕಳು, ಗಂಡುಮಕ್ಕಳಲ್ಲಿ ಇವನು ಏಳನೆಯವನು. ಓದು ಅಷ್ಟಕ್ಕಷ್ಟೇ. ಚಿಕ್ಕ ವಯಸ್ಸಿಗೇ ದೊಡ್ಡವರ ಮನೆ ತೋಟಗಳಲ್ಲಿ ಕೆಲಸಕ್ಕೆ ನಿಂತ. 1823ರಲ್ಲಿ ಲಂಡನ್ ಹತ್ತಿರ ಚಿಸ್ವಿಕ್‌ನಲ್ಲಿ ಹಾರ್ಟಿಕಲ್ಚರಲ್ ಸೊಸೈಟಿಯ ಹೊಸ ತೋಟಕ್ಕೆ ಅರ್ಜಿ ಹಾಕಿದಾಗ ಹುಟ್ಟಿದ್ದು 1801ರಲ್ಲಿ ಅಂತ ಬರೆದುಬಿಟ್ಟ. ಎರಡು ವರ್ಷ ದೊಡ್ಡವನಾದರೆ ಕೆಲಸ ಸಿಗುತ್ತೆ ಅನ್ನೋ ಲೆಕ್ಕ. ಸಿಕ್ಕಿತು ಕೂಡ.

ಆ ತೋಟದ ಜಾಗ ಡೆವನ್‌ಶೈರ್‌ನ ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನದು. ಅವನಿಗೆ ಕಿವಿ ಸ್ವಲ್ಪ ಮಂದ. ಈ ಹುಡುಗ ಸ್ಪಷ್ಟವಾಗಿ ಮಾತಾಡ್ತಿದ್ದದ್ದು ಅವನಿಗೆ ಹಿಡಿಸಿತು ಅಂತಾರೆ. 1826ರಲ್ಲಿ ತನ್ನ ಚಾಟ್ಸ್‌ವರ್ತ್ ಅರಮನೆಯ ತೋಟಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದ. ಪ್ಯಾಕ್ಸ್‌ಟನ್‌ಗೆ ಆಗ ಇನ್ನೂ 23 ತುಂಬಿರಲಿಲ್ಲ.

ಕೆಲಸಕ್ಕೆ ಬಂದ ಮೊದಲ ದಿನದ ಕಥೆ ಇಂಗ್ಲೆಂಡಿನಲ್ಲಿ ತುಂಬ ಫೇಮಸ್. ಬೆಳಗಿನ ಜಾವ ನಾಲ್ಕೂವರೆಗೆ ಬಂದಿಳಿದ. ಗೇಟು ತೆಗೆಯೋರೇ ಇಲ್ಲ. ಹತ್ತಿ ಒಳಗೆ ಹಾರಿದ, ಇಡೀ ತೋಟ ಒಂದು ಸುತ್ತು ಹಾಕಿದ, ಆರು ಗಂಟೆಗೆ ಕೆಲಸಗಾರರು ಬಂದ ಕೂಡಲೇ ಅವರಿಗೆ ಕೆಲಸ ಹಂಚಿದ. ಆಮೇಲೆ ತಿಂಡಿಗೆ ಹೋದರೆ ಅಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸಿನ ಸಂಬಂಧಿ ಸಾರಾ ಬೌನ್ ಸಿಕ್ಕಳು. ಒಂಬತ್ತು ಗಂಟೆಯೊಳಗೆ ಅವಳನ್ನೂ ಮೆಚ್ಚಿಕೊಂಡ. ಮುಂದಿನ ವರ್ಷ ಮದುವೆ. ಈ ಸಾರಾ ಮನೆಯಲ್ಲಿ ಸುಮ್ಮನೆ ಕೂತವಳಲ್ಲ. ಮುಂದೆ ಇವನು ಊರೂರು ಸುತ್ತುವಾಗ ಚಾಟ್ಸ್‌ವರ್ತ್ ಕೆಲಸ, ಲೆಕ್ಕಪತ್ರ, ರೈಲ್ವೆ ಷೇರು ಎಲ್ಲ ನೋಡಿಕೊಂಡಳು.

ಇಲ್ಲಿ ಒಂದು ಬಾಳೆಹಣ್ಣಿನ ವಿಷಯ ಹೇಳಲೇಬೇಕು. ಮಾರಿಷಸ್ ಕಡೆಯಿಂದ ಬಂದ ಒಂದು ಗಿಡ್ಡ ಬಾಳೆಗಿಡವನ್ನು ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನ ಬಿಸಿಮನೆಯಲ್ಲಿ ಬೆಳೆಸಿದ. 1835ರಲ್ಲಿ ಅದು ಹೂ ಬಿಟ್ಟಿತು. ಡ್ಯೂಕ್‌ನ ಮನೆತನದ ಹೆಸರೇ ಅದಕ್ಕೆ ಬಂತು: ಕ್ಯಾವೆಂಡಿಶ್. ನಾವು ಅಂಗಡಿಯಲ್ಲಿ ಕೊಳ್ಳೋ ಪಚ್ಚಬಾಳೆ, ನಮ್ಮ ರೈತರು ಹಾಕೋ ಜಿ-9, ಎಲ್ಲ ಈ ಕ್ಯಾವೆಂಡಿಶ್ ಗುಂಪಿನವೇ. ಬಾಳೆ ಮೂಲತಃ ನಮ್ಮ ಏಷ್ಯಾದ್ದೇ ಬಿಡಿ. ಹೆಸರು ಮಾತ್ರ ಡ್ಯೂಕ್ ಸಾಹೇಬರದು.

ಎಲೆ ಕಲಿಸಿದ ಸ್ಟ್ರಕ್ಚರ್ಸ್ ಪಾಠ

ಚಳಿ ದೇಶದಲ್ಲಿ ಉಷ್ಣದೇಶದ ಗಿಡ ಬೆಳೆಸಬೇಕಂದ್ರೆ ಗಾಜಿನ ಮನೆ ಬೇಕು. ಪ್ಯಾಕ್ಸ್‌ಟನ್ ಇಂಜಿನಿಯರಿಂಗ್ ಕಲಿತದ್ದೇ ಹಾಗೆ, ಗಾಜಿನ ಮನೆ ಕಟ್ಟುತ್ತಾ ಕಟ್ಟುತ್ತಾ. ಗಾಜಿನ ಚಾವಣಿಯನ್ನು ಸಪಾಟಾಗಿ ಹಾಕದೆ ಏರಿಳಿತದ ಮಡಿಕೆಗಳಾಗಿ ಕೂರಿಸಿದರೆ ಬೆಳಿಗ್ಗೆ ಸಂಜೆಯ ಓರೆ ಬಿಸಿಲು ಚೆನ್ನಾಗಿ ಒಳಗೆ ಬರುತ್ತೆ, ಮಳೆನೀರೂ ಸರಾಗ ಹರಿಯುತ್ತೆ. ಗಾಜು ಹಿಡಿಯುವ ಮರದ ಪಟ್ಟಿಗಳನ್ನು ಕೈಯಲ್ಲಿ ಕೊರೆದರೆ ವರ್ಷಗಟ್ಟಲೆ ಆಗುತ್ತೆ ಅಂತ ಅದಕ್ಕೇ ಒಂದು ಮೆಷಿನ್ ಮಾಡಿದ. 1836ರಿಂದ ಸುಮಾರು 4 ವರ್ಷ ಕಟ್ಟಿದ ಗ್ರೇಟ್ ಕನ್ಸರ್ವೇಟರಿ 84 ಮೀಟರ್ ಉದ್ದ, 20 ಮೀಟರ್ ಎತ್ತರ. ಒಳಗೆ ಕುದುರೆಗಾಡಿ ಓಡಿಸಬಹುದಿತ್ತು. ಅದನ್ನು ಬಿಸಿ ಇಡೋಕೆ ನೆಲದಡಿ ಬಾಯ್ಲರ್‌ಗಳು, ಕಲ್ಲಿದ್ದಲು ಸಾಗಿಸಲು ಸುರಂಗದಲ್ಲಿ ಹಳಿ.

1849ರಲ್ಲಿ ದಕ್ಷಿಣ ಅಮೆರಿಕದ ಒಂದು ದೈತ್ಯ ನೈದಿಲೆಯ ಸಸಿ ಅವನ ಕೈಗೆ ಬಂತು. ವಿಕ್ಟೋರಿಯಾ ರಾಣಿಯ ಹೆಸರಿಟ್ಟ ಗಿಡ. ಕ್ಯೂ ಗಾರ್ಡನ್‌ನವರಿಗೇ ಅದು ಹೂ ಬಿಟ್ಟಿರಲಿಲ್ಲ. ಪ್ಯಾಕ್ಸ್‌ಟನ್ ತೊಟ್ಟಿಯ ನೀರು ಬೆಚ್ಚಗಿಟ್ಟು, ಸಣ್ಣ ಚಕ್ರಗಳಿಂದ ನೀರು ಅಲುಗಾಡುವ ಹಾಗೆ ಮಾಡಿ, ನವೆಂಬರ್‌ನಲ್ಲಿ ಹೂ ಬಿಡಿಸಿದ. ಇಂಗ್ಲೆಂಡಿನಲ್ಲಿ ಅದೇ ಮೊದಲು. ಎಲೆಗಳು ಎಷ್ಟು ದೊಡ್ಡದಂದ್ರೆ ತನ್ನ ಪುಟ್ಟ ಮಗಳು ಆನಿಯನ್ನು ಒಂದರ ಮೇಲೆ ನಿಲ್ಲಿಸಿ ನೋಡಿದ. ಎಲೆ ಮುಳುಗಲಿಲ್ಲ.

ಬೇರೆಯವರು ಹೂ ನೋಡಿ ವಾಹ್ ಅಂದ್ರು. ಇವನು ಎಲೆ ತಿರುಗಿಸಿ ಕೆಳಗೆ ನೋಡಿದ. ಮಧ್ಯದಿಂದ ಅಂಚಿಗೆ ಹರಡಿದ ದಪ್ಪ ನರಗಳು, ಅವುಗಳನ್ನು ಅಡ್ಡಡ್ಡ ಕಟ್ಟಿದ ಸಣ್ಣ ನರಗಳು. ಮೇಲಿನ ಪೊರೆ ತೆಳು, ಭಾರ ಹೊರೋದು ನರಗಳ ಜಾಲ. ಆ ಗಿಡಕ್ಕೆ ಅಂತ 1850ರಲ್ಲಿ ಕಟ್ಟಿದ ಗಾಜಿನ ಮನೆಯಲ್ಲಿ ಈ ಯೋಚನೆಯನ್ನೇ ಬಳಸಿದ.

ಬ್ಲಾಟಿಂಗ್ ಪೇಪರ್ ಮೇಲೆ

ಅದೇ ಸಮಯಕ್ಕೆ ಲಂಡನ್‌ನಲ್ಲಿ ಒಂದು ದೊಡ್ಡ ಫಜೀತಿ. 1851ರ ಮೇ 1ಕ್ಕೆ ಹೈಡ್ ಪಾರ್ಕಿನಲ್ಲಿ ಜಗತ್ತಿನ ಎಲ್ಲ ದೇಶಗಳ ವಸ್ತುಪ್ರದರ್ಶನ ಅಂತ ಘೋಷಣೆಯಾಗಿತ್ತು. ಕಟ್ಟಡಕ್ಕೆ ಸ್ಪರ್ಧೆ ಕರೆದರೆ 245 ಡಿಸೈನ್ ಬಂದವು. ಒಂದೂ ಆಗಲಿಲ್ಲ. ಕೊನೆಗೆ ಕಮಿಟಿಯವರೇ ಒಂದು ಪ್ಲಾನ್ ಮಾಡಿದರು. ಕಮಿಟಿಯಲ್ಲಿ ಇದ್ದವರು ಸಾಮಾನ್ಯರಲ್ಲ. ಬ್ರುನೆಲ್, ರಾಬರ್ಟ್ ಸ್ಟೀಫನ್‌ಸನ್ ಅಂಥ ಇಂಜಿನಿಯರುಗಳು. ಆದರೆ ಅವರ ಪ್ಲಾನಿಗೆ ಕೋಟಿಗೂ ಹೆಚ್ಚು ಇಟ್ಟಿಗೆ ಬೇಕಿತ್ತು, ಮೇಲೆ ಒಂದು ಭಾರಿ ಗುಮ್ಮಟ. ಪಾರ್ಕು ಹಾಳಾಗುತ್ತೆ, ಅಷ್ಟು ಇಟ್ಟಿಗೆ ಒಮ್ಮೆ ಕಟ್ಟಿದರೆ ಮತ್ತೆ ಯಾರು ತೆಗೀತಾರೆ ಅಂತ ಜನ ರೊಚ್ಚಿಗೆದ್ದರು. ಯಾಕಂದ್ರೆ ಷರತ್ತೇ ಅದು: ಪ್ರದರ್ಶನ ಮುಗಿದ ಮೇಲೆ ಕಟ್ಟಡ ಅಲ್ಲಿಂದ ಹೋಗಬೇಕು.

1850ರ ಜೂನ್ 11ರಂದು ಡರ್ಬಿಯಲ್ಲಿ ಮಿಡ್‌ಲ್ಯಾಂಡ್ ರೈಲ್ವೆಯ ಮೀಟಿಂಗ್. ಪ್ಯಾಕ್ಸ್‌ಟನ್ ಅಷ್ಟೊತ್ತಿಗೆ ಆ ಕಂಪನಿಯ ಡೈರೆಕ್ಟರ್. ಮೀಟಿಂಗ್ ನಡೀತಿರುವಾಗ ಮುಂದಿದ್ದ ಬ್ಲಾಟಿಂಗ್ ಪೇಪರ್ ಮೇಲೆ ಏನೋ ಗೀಚಿದ. ಕ್ಲಾಸಿನಲ್ಲಿ ಲಾಸ್ಟ್ ಬೆಂಚಿನಲ್ಲಿ ಕೂತು ಗೀಚೋರಿಗೆ ಇದು ಸಮಾಧಾನ ಕೊಡೋ ವಿಷಯ! ಆ ಕಾಗದ ಈಗ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 9 ದಿನದಲ್ಲಿ ಪೂರ್ತಿ ಡ್ರಾಯಿಂಗ್ ರೆಡಿ. ತೊಲೆಗಳ ಅಳತೆ ಸರಿ ಇದೆಯಾ ಅಂತ ರೈಲ್ವೆ ಇಂಜಿನಿಯರ್ ಬಾರ್ಲೋ ಲೆಕ್ಕ ನೋಡಿಕೊಟ್ಟ. ಲಂಡನ್ನಿಗೆ ಹೋಗುವ ರೈಲಿನಲ್ಲಿ ಅದೇ ಸ್ಟೀಫನ್‌ಸನ್ ಸಿಕ್ಕಿದ. ತನ್ನ ಕಮಿಟಿಯದೇ ಬೇರೆ ಪ್ಲಾನ್ ಇದ್ದರೂ ಮಾಲಿಯ ಡ್ರಾಯಿಂಗ್ ನೋಡಿ ಒಪ್ಪಿಕೊಂಡ. ಸ್ಟೀಫನ್‌ಸನ್‌ನ ಈ ದೊಡ್ಡತನ ಇಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ.

ಟೆಂಡರ್ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಫಾಕ್ಸ್ ಆ್ಯಂಡ್ ಹೆಂಡರ್‌ಸನ್ ಕಂಪನಿ ಎರಡು ರೇಟು ಕೊಟ್ಟಿತು. ಕಟ್ಟಡ ನಿಮ್ಮದೇ ಆಗಬೇಕಾದರೆ 1,50,000 ಪೌಂಡು. ಕೆಲಸ ಮುಗಿದ ಮೇಲೆ ಸಾಮಾನೆಲ್ಲ ನಮಗೆ ವಾಪಸ್ ಬರೋದಾದರೆ 79,800 ಪೌಂಡು. ಅಂದರೆ ಮತ್ತೆ ಬಳಸಬಹುದು ಅನ್ನೋ ಒಂದೇ ಕಾರಣಕ್ಕೆ ಖರ್ಚು ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ನಾವು ಇವತ್ತು ಸಸ್ಟೈನಬಿಲಿಟಿ ಅಂತ ಪಿಪಿಟಿ ಮಾಡ್ತೀವಲ್ಲ, ಅದನ್ನ ಅವರು ಬಿಲ್‌ನಲ್ಲೇ ಬರೆದಿದ್ದರು.

ಗುಣಾಕಾರದ ಕಟ್ಟಡ

ಆಗ ಸಿಗುತ್ತಿದ್ದ ದೊಡ್ಡ ಗಾಜಿನ ಹಾಳೆ 49 ಇಂಚು ಉದ್ದ. ಪ್ಯಾಕ್ಸ್‌ಟನ್ ಗಾಜಿನಿಂದ ಶುರುಮಾಡಿ ಉಳಿದದ್ದೆಲ್ಲ ಅದಕ್ಕೆ ಹೊಂದುವ ಹಾಗೆ ಮಾಡಿದ. ಎರಡು ಗಾಜು ಎದುರುಬದುರು ಒರಗಿದರೆ 8 ಅಡಿಯ ಒಂದು ಮಡಿಕೆ. ಮೂರು ಮಡಿಕೆಗೆ 24 ಅಡಿ, ಅದೇ ಕಂಬದಿಂದ ಕಂಬಕ್ಕೆ ಅಂತರ. 24, 48, 72 ಅಂತ ಇಡೀ ಕಟ್ಟಡ ಒಂದು ಮಗ್ಗಿ.

ಕಬ್ಬಿಣದ ಕಂಬ ಸುಮಾರು 3,300, ತೊಲೆ ಸುಮಾರು 2,200, ಗಾಜು 3 ಲಕ್ಷದ ಹತ್ತಿರ. ಕಂಬಗಳ ಹೊರಸುತ್ತು ಎಲ್ಲದಕ್ಕೂ ಒಂದೇ. ಭಾರ ಹೆಚ್ಚು ಬರುವ ಕಡೆ ಒಳಗಿನ ದಪ್ಪ ಮಾತ್ರ ಹೆಚ್ಚು. ಹಾಗಾಗಿ ಯಾವ ತೊಲೆಯಾದರೂ ಯಾವ ಕಂಬಕ್ಕಾದರೂ ಕೂರುತ್ತೆ. ಕಂಬ ಟೊಳ್ಳು, ಚಾವಣಿಯ ಮಳೆನೀರು ಅದರೊಳಗಿಂದಲೇ ಇಳಿದುಹೋಗುತ್ತೆ. ಚಾವಣಿಯ ದೋಣಿಗಳ ಮೇಲೆ ಓಡುವ ಚಕ್ರದ ಗಾಡಿಯಲ್ಲಿ ಕೂತು 80 ಜನ ಒಂದೇ ವಾರದಲ್ಲಿ 18,000 ಗಾಜು ಕೂರಿಸಿದರು. ಸೈಟಿನ ಸುತ್ತ ಹಾಕಿದ್ದ ಬೇಲಿ ಹಲಗೆಗಳೇ ಕೊನೆಗೆ ಒಳಗಿನ ನೆಲವಾದವು. ಒಂದು ಹಲಗೆಯನ್ನೂ ಬಿಸಾಕಲಿಲ್ಲ.

ಮೊದಲ ಕಂಬ ನಿಂತದ್ದು 1850ರ ಸೆಪ್ಟೆಂಬರ್ ಕೊನೆಗೆ. ಮೇ 1ಕ್ಕೆ ಉದ್ಘಾಟನೆ ಆಗೇಹೋಯ್ತು. ಉದ್ದ 563 ಮೀಟರ್, ಅಗಲ 124 ಮೀಟರ್. ಪಾರ್ಕಿನ ದೊಡ್ಡ ಮರಗಳನ್ನು ಕಡಿಯಬಾರದು ಅಂತ ಜನ ಹಟ ಹಿಡಿದಾಗ, ಮಧ್ಯೆ ಒಂದು ಎತ್ತರದ ಕಮಾನು ಎಬ್ಬಿಸಿ ಮರಗಳನ್ನೇ ಒಳಗೆ ಸೇರಿಸಿಕೊಂಡರು. ಜನ ಅದನ್ನು ಕ್ರಿಸ್ಟಲ್ ಪ್ಯಾಲೇಸ್ ಅಂತ ಕರೆದರು.

ಇಷ್ಟು ತೆಳು ಕಟ್ಟಡ ಜನರ ಭಾರಕ್ಕೆ ಕುಸಿಯುತ್ತೆ ಅಂತ ಹೆದರಿಸಿದವರೂ ಇದ್ದರು. ಅದಕ್ಕೆ ಉತ್ತರ ಕೊಟ್ಟದ್ದು ಮಾತಿನಿಂದ ಅಲ್ಲ. ತೊಲೆ ಒಂದೊಂದನ್ನೂ ಮೇಲೆತ್ತುವ ಮುಂಚೆ ಸೈಟಿನಲ್ಲೇ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ನೋಡಿದರು. ಮಹಡಿಯ ಒಂದು ಭಾಗ ಕಟ್ಟಿ ಅದರ ಮೇಲೆ ಕೆಲಸಗಾರರನ್ನು ಕುಣಿಸಿದರು, ಸೈನಿಕರನ್ನು ಹೆಜ್ಜೆ ಹಾಕಿಸಿದರು, ಫಿರಂಗಿ ಗುಂಡು ತುಂಬಿದ ತಟ್ಟೆಗಳನ್ನು ಎಳೆದಾಡಿದರು. ನಮ್ಮ ಭಾಷೆಯಲ್ಲಿ ಡೈನಾಮಿಕ್ ಲೋಡ್ ಟೆಸ್ಟ್. ಐದೂವರೆ ತಿಂಗಳಲ್ಲಿ 60 ಲಕ್ಷ ಜನ ಬಂದುಹೋದರು. ಏನೂ ಆಗಲಿಲ್ಲ. ಪ್ರದರ್ಶನದ ಲಾಭ 1,86,000 ಪೌಂಡಿನಿಂದ ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಜಾಗ ಕೊಂಡರು. ಮಾಲಿ ಈಗ ಸರ್ ಜೋಸೆಫ್ ಆದ.

ಬಿಚ್ಚಿದ ಮೇಲೆ

ಕಟ್ಟುವಾಗ ಬಿಚ್ಚೋಕೆ ಅಂತಲೇ ಕಟ್ಟಿದವನು ಬಿಚ್ಚುವ ಹೊತ್ತಿಗೆ ಬೇಡ ಅಂದ. ಕ್ರಿಸ್ಟಲ್ ಪ್ಯಾಲೇಸನ್ನು ಹೈಡ್ ಪಾರ್ಕಿನಲ್ಲೇ ಉಳಿಸಿ ಅಂತ ಪ್ಯಾಕ್ಸ್‌ಟನ್ ಓಡಾಡಿದ. 1852ರಲ್ಲಿ ಪಾರ್ಲಿಮೆಂಟ್ ಒಪ್ಪಲಿಲ್ಲ. ಆಗ ಒಂದು ಕಂಪನಿ ಕಟ್ಟಿ 70,000 ಪೌಂಡಿಗೆ ಸಾಮಾನನ್ನೆಲ್ಲ ಕೊಂಡು, ದಕ್ಷಿಣ ಲಂಡನ್ನಿನ ಸಿಡೆನ್‌ಹ್ಯಾಮ್ ಗುಡ್ಡದ ಮೇಲೆ ಇನ್ನೂ ದೊಡ್ಡದಾಗಿ ಜೋಡಿಸಲು ಹೊರಟರು.

ಇಲ್ಲಿ ಆಸೆ ಅಳತೆ ಮೀರಿತು. ಹಳೇ ಭಾಗಗಳ ಜೊತೆ ಹೊಸವು ಸೇರಿದವು, ಒಂದು ಕಮಾನಿದ್ದ ಕಡೆ ಮೂರು ಬಂದವು. 1853ರ ಆಗಸ್ಟ್ 15ರಂದು ನಡುವಿನ ದೊಡ್ಡ ಕಮಾನಿಗೆ ಕಟ್ಟಿದ್ದ ಸಾರವೆ ಕುಸಿದು 12 ಜನ ಕೆಲಸಗಾರರು ಸತ್ತರು. ಪ್ಯಾಕ್ಸ್‌ಟನ್ ಬಗ್ಗೆ ಬರೆಯೋರು ಬ್ಲಾಟಿಂಗ್ ಪೇಪರ್ ಕಥೆಯನ್ನು ಮರೆಯದೆ ಹೇಳ್ತಾರೆ, ಈ 12 ಜನರನ್ನು ಒಂದು ಸಾಲಿನಲ್ಲಿ ದಾಟಿಬಿಡ್ತಾರೆ. ಆದರೆ ಸಿವಿಲ್ ಓದೋ ನಾವು ಇಲ್ಲಿ ನಿಲ್ಲಬೇಕು. ತಾತ್ಕಾಲಿಕ ಅನ್ನೋ ಪದದಲ್ಲೇ ಒಂದು ಅಪಾಯ ಇದೆ. ನಾಲ್ಕು ದಿನದ್ದು ತಾನೇ ಅನ್ನೋ ಉಡಾಫೆ ಬೇಗ ಬರುತ್ತೆ. ಗುರುತ್ವಾಕರ್ಷಣೆಗೆ ಕಟ್ಟಡ ನಾಲ್ಕು ದಿನದ್ದೋ ನೂರು ವರ್ಷದ್ದೋ ಗೊತ್ತಿರಲ್ಲ.

1854ರ ಜೂನ್ 10ರಂದು ಹೊಸ ಅರಮನೆ ತೆರೆಯಿತು. ಸುತ್ತ ಸುಮಾರು 12,000 ಚಿಲುಮೆಗಳ ಕಾರಂಜಿ ಬೇರೆ. ಖರ್ಚು 13 ಲಕ್ಷ ಪೌಂಡು ದಾಟಿತು. ಆ ಸಾಲದಿಂದ ಕಂಪನಿ ಕೊನೇವರೆಗೂ ಚೇತರಿಸಿಕೊಳ್ಳಲಿಲ್ಲ. 79,800 ಪೌಂಡಿನ ಲೆಕ್ಕಾಚಾರ ಎಲ್ಲಿ, ಇದೆಲ್ಲಿ!

ಪ್ಯಾಕ್ಸ್‌ಟನ್ ಕಡೇ ಹತ್ತು ವರ್ಷವೂ ಸುಮ್ಮನೆ ಕೂರಲಿಲ್ಲ. 1854ರಿಂದ ಕೊವೆಂಟ್ರಿಯ ಎಂಪಿ. ಕ್ರಿಮಿಯಾ ಯುದ್ಧಕ್ಕೆ ರಸ್ತೆ, ಗುಡಿಸಲು ಕಟ್ಟುವ ಕೂಲಿಗಾರರ ಪಡೆ ಕಳಿಸಿದ. ಲಂಡನ್ ಸುತ್ತ ಗಾಜಿನ ಸೂರಿನ ಹತ್ತು ಮೈಲಿ ಬೀದಿ ಮಾಡೋಣ, ಒಳಗೆ ಅಂಗಡಿ, ಮೇಲೆ ರೈಲು ಅಂತ 1855ರಲ್ಲಿ ಪ್ಲಾನ್ ಕೊಟ್ಟ. ಅದು ಕಾಗದದಲ್ಲೇ ಉಳಿಯಿತು. 1858ರಲ್ಲಿ ಡ್ಯೂಕ್ ತೀರಿಕೊಂಡಾಗ ಚಾಟ್ಸ್‌ವರ್ತ್ ಕೆಲಸ ಬಿಟ್ಟ. 1865ರ ಜೂನ್ 8ರಂದು ತನ್ನ ಗಾಜಿನ ಅರಮನೆಯ ಪಕ್ಕದ ಮನೆಯಲ್ಲೇ ಕಣ್ಣುಮುಚ್ಚಿದ. ಸಮಾಧಿ ಇರೋದು ಮಾತ್ರ ಚಾಟ್ಸ್‌ವರ್ತ್ ಪಕ್ಕದ ಎಡೆನ್ಸರ್ ಹಳ್ಳಿಯಲ್ಲಿ.

ಅವನು ಹೋದ ಮೇಲೆ ಬಂದ ಆಟ

ಕಾರಂಜಿಗಳು ದುಬಾರಿಯಾಗಿ ನಿಂತುಹೋದವು. ಅವುಗಳ ಒಂದು ದೊಡ್ಡ ಕೊಳವನ್ನು ಮುಚ್ಚಿ ಫುಟ್‌ಬಾಲ್ ಮೈದಾನ ಮಾಡಿದರು. 1895ರಿಂದ 1914ರ ತನಕ ಇಂಗ್ಲೆಂಡಿನ ಎಫ್ಎ ಕಪ್ ಫೈನಲ್ ನಡೆದದ್ದು ಅಲ್ಲೇ. 1913ರ ಫೈನಲ್‌ಗೆ 1,20,000 ಜನ ಸೇರಿದ್ದರು. ಡಬ್ಲ್ಯು.ಜಿ. ಗ್ರೇಸ್ ಕ್ರಿಕೆಟ್ ಆಡಿದ್ದೂ ಆ ಪಾರ್ಕಿನಲ್ಲಿ. 1911ರಲ್ಲಿ ಸಾಮ್ರಾಜ್ಯದ ದೇಶಗಳ ಕ್ರೀಡಾಕೂಟ ಅಲ್ಲಿ ನಡೆಯಿತು. ಇವತ್ತಿನ ಕಾಮನ್‌ವೆಲ್ತ್ ಗೇಮ್ಸ್‌ಗೆ ಅದೇ ಬೀಜ.

ಗಾಜಿನ ಅರಮನೆ 1936ರ ನವೆಂಬರ್ 30ರ ರಾತ್ರಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅದಕ್ಕೆ ಸರಿಯಾಗಿ 47 ವರ್ಷ ಮುಂಚೆ, 1889ರ ನವೆಂಬರ್ 30ರಂದು, ನಮ್ಮ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದಿತ್ತು. ಅದಕ್ಕೆ ಮಾದರಿ ಕ್ರಿಸ್ಟಲ್ ಪ್ಯಾಲೇಸೇ. ಅದನ್ನು ಕಟ್ಟಿಸಿದ ಜಾನ್ ಕ್ಯಾಮೆರಾನ್ ಕೂಡ ತೋಟಗಾರನೇ. ಫ್ಲವರ್ ಶೋಗೆ ಹೋದಾಗ ಹೂವಿನ ಜೊತೆ ಸ್ವಲ್ಪ ತಲೆ ಎತ್ತಿ ಕಂಬ, ಕಮಾನು ನೋಡಿ. ಮೂಲ ಸುಟ್ಟುಹೋಗಿದೆ, ನೆರಳು ನಮ್ಮಲ್ಲಿ ನಿಂತಿದೆ.

ಇನ್ನೊಂದು ಸ್ವಾರಸ್ಯ: ಶಾಶ್ವತ ಅಂತ ಕಟ್ಟಿದ ಚಾಟ್ಸ್‌ವರ್ತ್‌ನ ಗ್ರೇಟ್ ಕನ್ಸರ್ವೇಟರಿಗೆ ಮೊದಲ ಮಹಾಯುದ್ಧದ ಹೊತ್ತಿಗೆ ಕಲ್ಲಿದ್ದಲು ಸಿಗದೆ ಗಿಡಗಳೆಲ್ಲ ಸತ್ತವು. 1920ರಲ್ಲಿ ಅದನ್ನು ಸ್ಫೋಟಕ ಇಟ್ಟು ಉರುಳಿಸಿದರು. ಆರು ತಿಂಗಳಿಗೆ ಅಂತ ಕಟ್ಟಿದ್ದು ಜಾಗ ಬದಲಿಸಿ 80 ವರ್ಷಕ್ಕೂ ಹೆಚ್ಚು ಬದುಕಿತು.

ಲಂಡನ್, ದೋಹಾ, ಹಿರೀಸಾವೆ

ಪ್ಯಾಕ್ಸ್‌ಟನ್ ದಾರಿ ಈಗ ಆಟದ ಲೋಕದ ಹೆದ್ದಾರಿ. 2012ರ ಲಂಡನ್ ಒಲಿಂಪಿಕ್ಸ್‌ಗೆ 12,000 ಜನ ಕೂರುವ ಬ್ಯಾಸ್ಕೆಟ್‌ಬಾಲ್ ಅರೆನಾವನ್ನು ಉಕ್ಕಿನ ಚೌಕಟ್ಟಿಗೆ ಬಿಳಿ ಹೊದಿಕೆ ಹೊದಿಸಿ ಕಟ್ಟಿ, ಆಟ ಮುಗಿದ ಮೇಲೆ ಬಿಚ್ಚಿದರು. 2022ರ ಫುಟ್‌ಬಾಲ್ ವಿಶ್ವಕಪ್‌ಗೆ ದೋಹಾದಲ್ಲಿ 974 ಹಡಗು ಕಂಟೇನರ್‌ಗಳಿಂದ ಸ್ಟೇಡಿಯಂ ಎದ್ದಿತು. ಹೆಸರೇ ಸ್ಟೇಡಿಯಂ 974. ಕಪ್ ಮುಗಿದ ಮೇಲೆ ಬಿಚ್ಚಿ ಬೇರೆ ದೇಶಕ್ಕೆ ಕೊಡಬಹುದು ಅಂತ ದೊಡ್ಡ ಪ್ರಚಾರ ಮಾಡಿದ್ದರು. 2024ರ ಡಿಸೆಂಬರ್‌ನಲ್ಲೂ ಅಲ್ಲೇ ಪಂದ್ಯ ನಡೀತಿತ್ತು. ಕಟ್ಟಿದ್ದನ್ನು ಬಿಚ್ಚಲು ಮನಸ್ಸು ಬರಲ್ಲ ಅನ್ನೋದು ಪ್ಯಾಕ್ಸ್‌ಟನ್ ಕಾಲದಿಂದಲೂ ಇರೋ ಕಾಯಿಲೆ.

ನಮ್ಮ ಹಿರೀಸಾವೆ ಕಡೆಯವರಿಗೆ ಈ ವಿದ್ಯೆ ಹೊಸದಲ್ಲ. ಮದುವೆ ಮನೆ ಮುಂದೆ ತೆಂಗಿನ ಗರಿಯ ಚಪ್ಪರ ಏಳುತ್ತೆ, ಮೂರನೇ ದಿನ ಗಳು ಇನ್ನೊಬ್ಬರ ಮನೆಗೆ, ಗರಿ ಒಲೆಗೋ ತಿಪ್ಪೆಗೋ. ಒಂದು ಚೂರೂ ದಂಡ ಇಲ್ಲ. ನಮ್ಮೂರಿಂದ ಒಳಗೆ ತಿರುಗಿದರೆ ಶ್ರವಣಬೆಳಗೊಳ. ಅಲ್ಲಿ 2018ರ ಮಹಾಮಸ್ತಕಾಭಿಷೇಕಕ್ಕೆ 58 ಅಡಿ ಬಾಹುಬಲಿ ಮೂರ್ತಿಯ ಹಿಂದೆ ಜರ್ಮನ್ ತಂತ್ರಜ್ಞಾನದ ಉಕ್ಕಿನ ಅಟ್ಟಣಿಗೆ ಕಟ್ಟಿದ್ದರು. ಬೆಟ್ಟದ ಕೆಳಗೆ ಊರಿಗೆ ಊರೇ ಅನ್ನುವಂಥ ತಾತ್ಕಾಲಿಕ ನಗರಗಳು. ಕೆಲಸ ಮುಗಿಯಿತು, ಎಲ್ಲ ಬಿಚ್ಚಿದರು. 12 ವರ್ಷಕ್ಕೊಮ್ಮೆ ಬರುವ ಹಬ್ಬಕ್ಕೆ ಇದಕ್ಕಿಂತ ಸರಿಯಾದ ಲೆಕ್ಕ ಇನ್ನೊಂದಿಲ್ಲ.

ಆದರೆ ಅದೇ ಅಟ್ಟಣಿಗೆಗೆ ಸಿಗುವ ಲೆಕ್ಕಾಚಾರ, ಪರೀಕ್ಷೆ ನಮ್ಮ ಹಳ್ಳಿಗಳ ರಾತ್ರಿ ಕಬಡ್ಡಿ ಟೂರ್ನಮೆಂಟಿನ ಮರದ ಗ್ಯಾಲರಿಗೆ ಸಿಗಲ್ಲ. ನೀಲಗಿರಿ ಗಳು ನೆಟ್ಟು, ಹಲಗೆ ಹಾಸಿ, ಹಗ್ಗ ಬಿಗಿದರೆ ಆಯ್ತು. ರೈಡರ್ ಪಾಯಿಂಟ್ ತಂದಾಗ ಮೇಲಿರೋರೆಲ್ಲ ಒಟ್ಟಿಗೆ ಎದ್ದು ಕುಣೀತಾರೆ. 1851ರಲ್ಲಿ ಕೆಲಸಗಾರರನ್ನು ಕುಣಿಸಿ ನೋಡಿದ್ದು ಸರಿಯಾಗಿ ಈ ಲೋಡನ್ನೇ. ಅಲ್ಲಿ ಉದ್ಘಾಟನೆಗೆ ಮುಂಚೆ ನೋಡಿದರು, ಇಲ್ಲಿ ಮ್ಯಾಚ್ ದಿನವೇ ಜನರ ಮೇಲೆ ನೋಡ್ತೀವಿ. ಅಡ್ಡ ಬಿಗಿತಕ್ಕೆ ನಾಲ್ಕು ಓರೆ ಗಳು, ಬುಡಕ್ಕೆ ಗಟ್ಟಿ ನೆಲ, ಮುಂಚಿನ ದಿನ ಮರಳುಮೂಟೆ ಪೇರಿಸಿ ಒಂದು ಲೋಡ್ ಟೆಸ್ಟ್. ಇದಕ್ಕೆ ಜರ್ಮನ್ ತಂತ್ರಜ್ಞಾನ ಬೇಕಿಲ್ಲ, ದುಡ್ಡೂ ಅಷ್ಟು ಬೇಡ. ಊರಿನ ಒಬ್ಬ ಇಂಜಿನಿಯರಿಂಗ್ ಹುಡುಗನೋ ಹುಡುಗಿಯೋ ಒಂದು ಸಂಜೆ ಹೋಗಿ ನಿಂತರೆ ಸಾಕು. ಗ್ಯಾಲರಿ ಕಟ್ಟುವ ಅಣ್ಣಂದಿರಿಗೆ ಮರದ ಬಗ್ಗೆ ನಮಗಿಂತ ಚೆನ್ನಾಗಿ ಗೊತ್ತು, ಹಾಗಾಗಿ ಕೇಳಿ ಕಲಿಯೋದೂ ಇದೆ.

ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರಬೇಕು. ಅಷ್ಟೊತ್ತಿಗೆ ನಮ್ಮ ಬ್ಯಾಚಿನವರು ಕೆಲಸಕ್ಕೆ ಸೇರಿ ವರ್ಷಗಳಾಗಿರುತ್ತೆ. ಯಾರಿಗಾದರೂ ಆ ಅಟ್ಟಣಿಗೆಯ ಕೆಲಸವೋ ಒಂದು ಸ್ಟೇಡಿಯಂ ಕೆಲಸವೋ ಸಿಕ್ಕರೆ, ಫಾಕ್ಸ್ ಆ್ಯಂಡ್ ಹೆಂಡರ್‌ಸನ್ ಹಾಗೆ ಎರಡು ರೇಟು ಹಾಕಿ ನೋಡಿ: ಇಟ್ಟುಕೊಂಡರೆ ಎಷ್ಟು, ಬಿಚ್ಚಿ ವಾಪಸ್ ಕೊಟ್ಟರೆ ಎಷ್ಟು. ಮತ್ತೆ ಜನ ಹತ್ತುವ ಮುಂಚೆ ನೀವೇ ಒಮ್ಮೆ ಹತ್ತಿ ಕುಣಿದು ನೋಡಿ.